ನೇಟಿವ್ ಯಾವುದು ಎಂದು ಕೇಳಿದೆಯಲ್ಲ

ನಿನ್ನೆ ಊಟದ ಹೊತ್ತಿನಲ್ಲಿ ನೀನು ಕೇಳಿದೆ: "ನಿನ್ನ ನೇಟಿವ್ ಕೇರಳ ತಾನೆ? ಕನ್ನಡ ಇಷ್ಟು ಚೆನ್ನಾಗಿ ಹೇಗೆ ಕಲಿತೆ?" ಮೆಚ್ಚಿಗೆಯಿಂದಲೇ ಕೇಳಿದೆ, ಗೊತ್ತು. ಆದರೂ ಆ "ಕಲಿತೆ" ಎಂಬ ಮಾತು ರಾತ್ರಿಯವರೆಗೂ ಚುಚ್ಚುತ್ತಲೇ ಇತ್ತು.

ನೇಟಿವ್ ಎಂಬ ಪದದ ಬೇರು ಲ್ಯಾಟಿನ್. ಹುಟ್ಟಿನಿಂದ ಬಂದದ್ದು ಎಂದು ಅರ್ಥ. ಒಂದು ನೆಲದಲ್ಲೇ ಬೆಳೆದುಬಂದ ಗಿಡಕ್ಕೂ ಹಕ್ಕಿಗೂ ಅದನ್ನೇ ಹೇಳುತ್ತಾರೆ. ಬ್ರಿಟಿಷರು ಮೈಸೂರಿನಂಥ ಸಂಸ್ಥಾನಗಳನ್ನು ನೇಟಿವ್ ಸ್ಟೇಟ್ ಎಂದರು, ನಮ್ಮ ಜನರನ್ನು ಕೀಳಾಗಿ ಕರೆಯುವುದಕ್ಕೂ ಅದೇ ಪದ ಬಳಸಿದರು. ನೇಟಿವ್ ಪ್ಲೇಸ್ ಎಂಬುದರ ಬಾಲ ಕತ್ತರಿಸಿ ಊರನ್ನೇ ನೇಟಿವ್ ಎಂದವರು ನಾವು ಭಾರತೀಯರು. "ಹಬ್ಬಕ್ಕೆ ನೇಟಿವ್‌ಗೆ ಹೋಗುತ್ತೇನೆ" ಎಂದರೆ ಬೆಂಗಳೂರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ನಿನಗೆ ಈ ಪದ ತೊಡಕಾಗುವುದಿಲ್ಲ. ನಿನ್ನ ಊರು, ನುಡಿ, ರಾಜ್ಯ ಮೂರೂ ಒಂದೇ ಗೆರೆಯೊಳಗಿವೆ. ನನ್ನ ಅಜ್ಜ ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು, ಭಾಷೆಯ ಮೇಲೆ ರಾಜ್ಯಗಳನ್ನು ಮರುವಿಂಗಡಿಸಿದಾಗ, ಅವರು ಕೇರಳದವರಾದರು; ಮುಂದೆ ಕಣ್ಣೂರು ಜಿಲ್ಲೆಯವರು, 1984ರಲ್ಲಿ ಕಾಸರಗೋಡು ಜಿಲ್ಲೆಯವರು. ಮನೆ, ಬಾವಿ, ಅಡಿಕೆ ತೋಟ ಇದ್ದಲ್ಲೇ ಇದ್ದವು. ನಮ್ಮ ಊರಿರುವ, ಚಂದ್ರಗಿರಿ ಹೊಳೆಯ ಉತ್ತರಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಯಾಗಲಿಲ್ಲ.

ನನ್ನನ್ನು ಬಿಡದೆ ಕಾಡುವುದು ಕಾಗದದ ಮೇಲಿನ ನೇಟಿವ್. ಕೇರಳದಲ್ಲಿ ನೇಟಿವಿಟಿ ಸರ್ಟಿಫಿಕೇಟ್ ಎಂಬುದೊಂದಿದೆ. ನಾನು ಈ ನೆಲದವನು ಎನ್ನುವುದಕ್ಕೆ ಅದೇ ಪುರಾವೆ. ಅದಕ್ಕಾಗಿ ಕನ್ನಡದಲ್ಲಿ ಅರ್ಜಿ ಬರೆದುಕೊಂಡು ಹೋದೆ. ಮೇಜಿನಾಚೆ ಕುಳಿತಿದ್ದವರು ಒಂದು ಸಾಲನ್ನೂ ಓದದೆ ಹಿಂದಿರುಗಿಸಿದರು, ಮಲಯಾಳದಲ್ಲಿ ಬರೆದು ತರಲು ಹೇಳಿದರು. ಇಲ್ಲಿಯವನೇ ಎಂದು ಕೇಳಿಕೊಳ್ಳಲು ಹೋದವನ ಕೈಗೆ, ಇಲ್ಲಿಯ ಭಾಷೆ ನಿನಗೆ ಬಾರದು ಎಂಬ ಉತ್ತರ ಬಂತು. ಕನ್ನಡವೂ ಇಲ್ಲಿಯ ಭಾಷೆಯೇ ಎಂದು ಹೇಳಿದೆ. ನನ್ನ ಹಿಂದಿನ ಸರತಿ ಉದ್ದವಾಗುತ್ತಿತ್ತು.

ಗಡಿ ದಾಟಿ ಈಚೆಗೆ ಬಂದರೂ ಅದೇ ಕಥೆ. ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆ ಬೇರೆಯೇ ಒಂದು ಕಲಮು ಇದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಹೆಸರು ಅದರಲ್ಲಿದೆ. ಒಳ್ಳೆಯದೇ, ನಮ್ಮ ಎಷ್ಟೋ ಮಕ್ಕಳಿಗೆ ಅದರಿಂದ ದಾರಿಯಾಗಿದೆ. ಆದರೆ ಅಲ್ಲಿ ನಾವು ಕನ್ನಡಿಗರೆಂದು ದಾಖಲೆ ತೋರಿಸಬೇಕು. ಒಂದು ಕಡೆ ನೆಲವನ್ನು ಸಾಬೀತುಪಡಿಸು, ಇನ್ನೊಂದು ಕಡೆ ನುಡಿಯನ್ನು.

ಇನ್ನು ನೇಟಿವ್ ಸ್ಪೀಕರ್ ಎಂಬ ಮಾತು. ನಮ್ಮ ಮನೆಮಾತು ತುಳು. ಅಕ್ಷರ ಕಲಿತದ್ದು, ಲೆಕ್ಕ ಮಾಡಿದ್ದು, ರಾತ್ರಿಯಿಡೀ ಯಕ್ಷಗಾನದ ಮುಂದೆ ಕುಳಿತು ಕೇಳಿದ್ದು ಕನ್ನಡ. ಅಮ್ಮನ ತೊಡೆಯ ಮೇಲೆ ಕೇಳಿದ್ದಷ್ಟೇ ನೇಟಿವ್ ಎನ್ನುವುದಾದರೆ ಮಂಜೇಶ್ವರದ ಗೋವಿಂದ ಪೈಗಳನ್ನು ಎಲ್ಲಿಡುತ್ತೀಯೆ? ಅವರ ಮನೆಮಾತು ಕೊಂಕಣಿ. 1949ರಲ್ಲಿ ಮದ್ರಾಸ್ ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು, ಕನ್ನಡದ ಮೊದಲ ರಾಷ್ಟ್ರಕವಿ. ನಮ್ಮ ಕಡೆ ಇದರಲ್ಲಿ ಯಾರಿಗೂ ವಿಚಿತ್ರ ಕಾಣುವುದಿಲ್ಲ.

ಆದ್ದರಿಂದ ಮಾರಾಯಾ, ಮುಂದಿನ ಸಲ ನೇಟಿವ್ ಬಿಟ್ಟು ಊರು ಯಾವುದು ಎಂದು ಕೇಳು, ಕುಂಬಳೆ ಎನ್ನುತ್ತೇನೆ. ಕನ್ನಡ ಹೇಗೆ ಕಲಿತೆ ಎಂದಂತೂ ಕೇಳಲೇಬೇಡ. ಮಲಯಾಳ ಬರೆಯುವುದನ್ನು ಹೇಗೆ ಕಲಿತೆ ಎಂದು ಕೇಳು. ಅದನ್ನು ನಿಜವಾಗಿಯೂ ಕಲಿತೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಪಕ್ಕದ ಮನೆಯ ಹುಡುಗಿಯ ಒಂದನೆಯ ತರಗತಿಯ ಪುಸ್ತಕ ಇಟ್ಟುಕೊಂಡು, ಆ ಅರ್ಜಿಯನ್ನು ಮತ್ತೆ ಬರೆಯುವುದಕ್ಕಾಗಿ.