ಟ್ಯಾಂಪಾದಲ್ಲಿ ಚಂಡಮಾರುತ ಬಂದರೆ ಮನೆಯಲ್ಲೇ ಉಳಿಯಬಹುದೇ?

ಕೆಲಸದ ನಿಮಿತ್ತ ಫ್ಲಾರಿಡಾದ ಟ್ಯಾಂಪಾ ನಗರಕ್ಕೆ ಬರಲಿರುವ ನೀವು, ಕೊಲ್ಲಿಯ ಸಮೀಪ ಬಾಡಿಗೆ ಮನೆ ನೋಡಿದ್ದು, ಚಂಡಮಾರುತ 3ನೇ ಕೆಟಗರಿಗಿಂತ ಕೆಳಗಿದ್ದರೆ ಮನೆಯಲ್ಲೇ ಇರಬಹುದೇ ಎಂದು ಕೇಳಿದ್ದೀರಿ. ಈ ಭಾಗದಲ್ಲೇ ವಾಸಿಸುವ ನಾನು ಕೆಟಗರಿಯನ್ನು ನಂಬಿ ಆ ತೀರ್ಮಾನ ಮಾಡುವುದಿಲ್ಲ. ಆ ಸಂಖ್ಯೆ ಸೂಚಿಸುವುದು ಗಾಳಿಯ ವೇಗವನ್ನಷ್ಟೇ; ಇಲ್ಲಿ ಪ್ರಾಣಕ್ಕೆ ಹೆಚ್ಚು ಅಪಾಯವಿರುವುದು ಗಾಳಿ ನೂಕಿಕೊಂಡು ಬರುವ ಕಡಲ ನೀರಿನಿಂದ.

2024ರ ಸೆಪ್ಟೆಂಬರ್‌ನಲ್ಲಿ ‘ಹೆಲೀನ್’ ಚಂಡಮಾರುತದ ಕಣ್ಣು, ಅಂದರೆ ಅದರ ನಡುಭಾಗ, ನಮ್ಮಿಂದ ಬಹು ದೂರದಲ್ಲಿ, ಸಮುದ್ರದ ಮೇಲೆಯೇ ಉತ್ತರಕ್ಕೆ ಸಾಗಿತು. ಆದರೂ ಕೊಲ್ಲಿಯ ನೀರು 6 ಅಡಿಗೂ ಹೆಚ್ಚು ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಎರಡೇ ವಾರಗಳ ನಂತರ ‘ಮಿಲ್ಟನ್’ ದಕ್ಷಿಣದ ಸಿಯೆಸ್ಟಾ ಕೀ ದ್ವೀಪದ ಬಳಿ ದಡ ಮುಟ್ಟಿತು. ಉತ್ತರ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಕಣ್ಣು ನಮ್ಮ ದಕ್ಷಿಣಕ್ಕೆ ಸರಿದಾಗ ಗಾಳಿ ನೆಲದ ಕಡೆಯಿಂದ ಬೀಸಿ ನೀರನ್ನು ಕೊಲ್ಲಿಯಿಂದ ಹೊರಗೆ ತಳ್ಳಿತು. ಅದೇ ಕಣ್ಣು ಸ್ವಲ್ಪ ಉತ್ತರಕ್ಕೆ ಬಂದಿದ್ದರೆ ನೀರು ಒಳಗೆ ನುಗ್ಗುತ್ತಿತ್ತು. ಅಷ್ಟು ಸಣ್ಣ ವ್ಯತ್ಯಾಸವನ್ನು ದಿನಗಳ ಮುಂಚೆಯೇ ಖಚಿತವಾಗಿ ಹೇಳುವುದು ಮುನ್ಸೂಚನೆಗೆ ಸಾಧ್ಯವಿಲ್ಲ. ಕಡಲಿನ ನೀರು ಹಿಂದೆ ಸರಿದರೂ ಕೊಲ್ಲಿಯಾಚೆಯ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಆಗ 18 ಇಂಚಿನಷ್ಟು ಮಳೆ ಸುರಿಯಿತು ಎಂಬುದನ್ನೂ ಮರೆಯುವಂತಿಲ್ಲ.

ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲೇ ಆ ವಿಳಾಸ ಯಾವ ತೆರವು ವಲಯದಲ್ಲಿದೆ (ಆದೇಶ ಬಂದಾಗ ಜನ ಮನೆ ಬಿಟ್ಟು ಹೊರಡಬೇಕಾದ ಪ್ರದೇಶ) ಎಂದು ಟ್ಯಾಂಪಾ ಸೇರಿರುವ ಹಿಲ್ಸ್‌ಬರೊ ಕೌಂಟಿಯ ನಕ್ಷೆಯಲ್ಲಿ ನೋಡಿ. ‘ಎ’ಯಿಂದ ‘ಇ’ವರೆಗಿನ ಈ ವಲಯಗಳು ಕಡಲ ಉಬ್ಬರಕ್ಕೆ ಸಂಬಂಧಿಸಿದವು, ವಿಮೆಗೆ ಬಳಸುವ ಪ್ರವಾಹ ವಲಯಗಳು ಬೇರೆ, ಮನೆ ತೋರಿಸುವವರೂ ಕೆಲವೊಮ್ಮೆ ಇವೆರಡನ್ನು ಬೆರೆಸಿ ಮಾತಾಡುತ್ತಾರೆ. ನಿಮ್ಮ ವಲಯಕ್ಕೆ ಆದೇಶ ಬಂದರೆ ಹೊರಡಿ, ಆದರೆ ಪಕ್ಕದ ರಾಜ್ಯದ ಅಟ್ಲಾಂಟಾದವರೆಗೆ ಓಡಬೇಕಾಗಿಲ್ಲ. 2017ರಲ್ಲಿ ‘ಇರ್ಮಾ’ ಬಂದಾಗ ಹಾಗೆ ಹೊರಟವರು ಪೆಟ್ರೋಲ್ ಸಿಗದೆ ಹೆದ್ದಾರಿಯಲ್ಲಿ ಪರದಾಡಿದರು. ಒಳನಾಡಿನ ಎತ್ತರದ ಜಾಗದಲ್ಲಿರುವ ಸ್ನೇಹಿತರ ಗಟ್ಟಿಮುಟ್ಟಾದ ಮನೆ ಸಾಕು. ಅವರೊಂದಿಗೆ, ಚಂಡಮಾರುತದ ಋತು ಶುರುವಾಗುವ ಜೂನ್‌ಗೆ ಮುಂಚೆಯೇ ಮಾತಾಡಿಡಿ.

ಬಾಡಿಗೆದಾರರ ಸಾಮಾನ್ಯ ವಿಮೆ ಪ್ರವಾಹದ ನಷ್ಟವನ್ನು ತುಂಬಿಕೊಡುವುದಿಲ್ಲ. ಸಾಮಾನುಗಳಿಗೆ ಮಾತ್ರ ಪ್ರತ್ಯೇಕ ಪ್ರವಾಹ ವಿಮೆ ದೊರೆಯುತ್ತದೆ, ಆದರೆ ಸರ್ಕಾರದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯ ವಿಮೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಹೊರಡುವಾಗ ಪಾಸ್‌ಪೋರ್ಟ್, ವೀಸಾ ಕಾಗದಗಳು ಕೈಯಲ್ಲಿರಲಿ. ವಿದ್ಯುತ್ ಕಾರಿದ್ದರೆ ಅದನ್ನು ಗ್ಯಾರೇಜಿನಲ್ಲಿ ಬಿಟ್ಟು ಹೋಗಬೇಡಿ, ಏಕೆಂದರೆ ಉಪ್ಪುನೀರು ಹೊಕ್ಕ ಬ್ಯಾಟರಿ ನೀರಿಳಿದ ಎಷ್ಟೋ ದಿನಗಳ ಮೇಲೂ ಹೊತ್ತಿಕೊಳ್ಳಬಹುದು.