ಮೊದಲ ಸುತ್ತಿನ ಸೋಲು, ಮರುವರ್ಷದ ಪಟ್ಟ

ಪ್ರಶ್ನೆ: ನಾನು ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಬೋಧಕ. ಕಳೆದ ವರ್ಷ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಗೆದ್ದೇ ಗೆಲ್ಲುತ್ತದೆಂಬ ನಿರೀಕ್ಷೆಯೊಂದಿಗೆ ಅಂತರ ಕಾಲೇಜು ಪಂದ್ಯಾವಳಿಗೆ ಹೋಗಿ ಮೊದಲ ಪಂದ್ಯದಲ್ಲೇ ಸೋತು ಬಂತು. ಆಟದ ಪದ್ಧತಿಯನ್ನೇ ಬದಲಿಸಬೇಕೆಂದು ಕೆಲವರೂ, ಆ ಸೋಲಿನ ಮಾತನ್ನು ಹುಡುಗರ ಮುಂದೆ ಎತ್ತಲೇಬಾರದೆಂದು ಇನ್ನು ಕೆಲವರೂ ಹೇಳುತ್ತಿದ್ದಾರೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ ಹೀಗೆಯೇ ಸೋತು ಮರುವರ್ಷ ರಾಷ್ಟ್ರೀಯ ಚಾಂಪಿಯನ್ ಆಯಿತೆಂದು ಕೇಳಿದ್ದೇನೆ. ಅವರು ಬದಲಿಸಿದ್ದೇನು?

ಉತ್ತರ: ತಾವು ಕೇಳಿದ್ದು ನಿಜ. ಆದರೆ ಆ ತಂಡ ಬದಲಿಸಿದ್ದಕ್ಕಿಂತ ಉಳಿಸಿಕೊಂಡದ್ದೇ ಹೆಚ್ಚು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

2018ರ ಮಾರ್ಚ್ 16ರಂದು ಷಾರ್ಲಟ್ ನಗರದಲ್ಲಿ ನಡೆದ ಪಂದ್ಯಕ್ಕೆ ವರ್ಜೀನಿಯಾ ಬಂದದ್ದು 31 ಗೆಲುವು, ಎರಡೇ ಸೋಲುಗಳ ದಾಖಲೆಯೊಂದಿಗೆ, ಅಮೆರಿಕದ ಕಾಲೇಜು ತಂಡಗಳ ಇಡೀ ರಾಷ್ಟ್ರೀಯ ಪಂದ್ಯಾವಳಿಯ ಅಗ್ರ ಶ್ರೇಯಾಂಕದ ತಂಡವಾಗಿ. ಆ ಪಂದ್ಯಾವಳಿಯಲ್ಲಿ ತಂಡಗಳನ್ನು ನಾಲ್ಕು ವಿಭಾಗಗಳಾಗಿ ಹಂಚಿ, ಪ್ರತಿ ವಿಭಾಗದಲ್ಲೂ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ ಕೊಡುತ್ತಾರೆ. ಎದುರಾಳಿ, ಯುಎಂಬಿಸಿ ಎಂದು ಕರೆಯಲಾಗುವ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯ ತಂಡ. ಅದರದು ತನ್ನ ವಿಭಾಗದಲ್ಲಿ ಕೊನೆಯ, ಅಂದರೆ ಹದಿನಾರನೆಯ ಶ್ರೇಯಾಂಕ. ಪಂದ್ಯಾವಳಿ 64 ತಂಡಗಳಿಗೆ ವಿಸ್ತಾರಗೊಂಡ 1985ರಿಂದ ಪುರುಷರ ಪಂದ್ಯಗಳಲ್ಲಿ ಒಂದನೆಯ ಮತ್ತು ಹದಿನಾರನೆಯ ಶ್ರೇಯಾಂಕದವರ ಇಂತಹ ಮುಖಾಮುಖಿ 135 ಬಾರಿ ನಡೆದಿತ್ತು ಮತ್ತು ಅಷ್ಟೂ ಬಾರಿ ಅಗ್ರ ಶ್ರೇಯಾಂಕದವರೇ ಗೆದ್ದಿದ್ದರು. ಅಂದು ಅರ್ಧ ವಿರಾಮಕ್ಕೆ ಅಂಕ 21-21 ಇತ್ತು. ಕೊನೆಗೆ ವರ್ಜೀನಿಯಾ 54-74ರಿಂದ ಸೋತಿತು. ಮೂರು ಅಂಕದ 22 ಎಸೆತಗಳಲ್ಲಿ ಅವರಿಗೆ ಬುಟ್ಟಿಗೆ ಹಾಕಲು ಸಾಧ್ಯವಾದದ್ದು ನಾಲ್ಕನ್ನು ಮಾತ್ರ. ವರ್ಜೀನಿಯಾದ ಆಟಗಾರ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗೆ ಕುಳಿತಿದ್ದರೆಂಬುದು ನಿಜವಾದರೂ, ಇಪ್ಪತ್ತು ಅಂಕಗಳ ಅಂತರಕ್ಕೆ ಅದೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ.

ಟೀಕೆಯೆಲ್ಲ ತರಬೇತುದಾರ ಟೋನಿ ಬೆನೆಟ್ ಅವರ ಪದ್ಧತಿಯ ಮೇಲೆ ಬಿತ್ತು. ಅವರ ತಂದೆ ಡಿಕ್ ಬೆನೆಟ್ ರೂಪಿಸಿದ, 'ಪ್ಯಾಕ್ ಲೈನ್' ಎಂಬ ಹೆಸರಿನ ಆ ರಕ್ಷಣಾ ಪದ್ಧತಿಯಲ್ಲಿ ಚೆಂಡು ಹಿಡಿದವನನ್ನು ಒಬ್ಬ ಆಟಗಾರ ಒತ್ತಿ ಹಿಡಿಯುತ್ತಾನೆ. ಉಳಿದ ನಾಲ್ವರು ಬುಟ್ಟಿಯಿಂದ ಸುಮಾರು 16 ಅಡಿಯ ಕಾಲ್ಪನಿಕ ಕಮಾನಿನೊಳಗೆ ನಿಂತು ಚೆಂಡು ಒಳನುಗ್ಗುವ ದಾರಿಗಳನ್ನೆಲ್ಲ ಮುಚ್ಚುತ್ತಾರೆ. ಇದರ ಜೊತೆಗೆ, ದಾಳಿಯಲ್ಲೂ ಅವಸರಪಡದೆ ಒಳ್ಳೆಯ ಅವಕಾಶಕ್ಕಾಗಿ ಕಾಯುವುದು ಅವರ ಕ್ರಮವಾಗಿತ್ತು. ಹೀಗೆ ನಿಧಾನವಾಗಿ ಆಡುವ ತಂಡ ಒಮ್ಮೆ ಹಿಂದೆ ಬಿದ್ದರೆ ಚೇತರಿಸಿಕೊಳ್ಳಲಾರದು ಎಂಬುದು ಟೀಕಾಕಾರರ ವಾದವಾಗಿತ್ತು, ಮತ್ತು ಆ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ.

ಬೆನೆಟ್ ರಕ್ಷಣಾ ಪದ್ಧತಿಯನ್ನು ಕೈಬಿಡಲಿಲ್ಲ, ವೇಗವನ್ನೂ ಹೆಚ್ಚಿಸಲಿಲ್ಲ. ಅವರು ತಿದ್ದಿದ್ದು ದಾಳಿಯನ್ನು. ಚೆಂಡು ಹಿಡಿದವನಿಗೆ ಜೊತೆಗಾರನೊಬ್ಬ ಅಡ್ಡ ನಿಂತು ದಾರಿ ಮಾಡಿಕೊಡುವ 'ಬಾಲ್ ಸ್ಕ್ರೀನ್' ತಂತ್ರವನ್ನು ಹೆಚ್ಚಾಗಿ ಬಳಸತೊಡಗಿದ್ದರಿಂದ ಆಟಗಾರರಾದ ಟೈ ಜೆರೋಮ್, ಕೈಲ್ ಗೈ ಇಬ್ಬರಿಗೂ ಸ್ವಂತ ನಿರ್ಧಾರಕ್ಕೆ ಹೆಚ್ಚು ಅವಕಾಶ ದೊರೆಯಿತು. ಹಂಟರ್ ಗುಣಮುಖರಾಗಿ ಮರಳಿದರು. ಕುಳ್ಳಗಿನ ಹೊಸ ವಿದ್ಯಾರ್ಥಿ ಕಿಹೇ ಕ್ಲಾರ್ಕ್ ಬಂದು ಸೇರಿದರು.

ಇನ್ನು ಸೋಲಿನ ಮಾತನ್ನು ಎತ್ತಬೇಕೇ ಎಂಬ ವಿಚಾರ. ನನ್ನ ಮಟ್ಟಿಗೆ ತಮ್ಮ ಪತ್ರದ ಮುಖ್ಯ ಪ್ರಶ್ನೆ ಇದೇ. ಬೆನೆಟ್ ಆ ಮಾತನ್ನು ವರ್ಷವಿಡೀ ಎತ್ತಿದರು, ಕೇಳಿದ ಪತ್ರಕರ್ತರಿಗೆಲ್ಲ ಸಮಾಧಾನದಿಂದ ಉತ್ತರಿಸಿದರು. ಕಷ್ಟವನ್ನು ಸರಿಯಾಗಿ ಬಳಸಿಕೊಂಡರೆ, ಬೇರೆ ಯಾವ ದಾರಿಯಿಂದಲೂ ತಲುಪಲಾಗದ ಜಾಗಕ್ಕೆ ಅದು ನಮ್ಮನ್ನು ಕರೆದೊಯ್ಯುತ್ತದೆ ಎಂಬ, ಭಾಷಣವೊಂದರಲ್ಲಿ ಕೇಳಿದ ವಿಚಾರವನ್ನು ಹುಡುಗರಿಗೆ ಮತ್ತೆ ಮತ್ತೆ ನೆನಪಿಸಿದರು. ಕೈಲ್ ಗೈ, ಎದುರಾಳಿಗಳು ಸಂಭ್ರಮಿಸುತ್ತಿರುವಾಗ ತಾವು ಬಗ್ಗಿ ನಿಂತಿರುವ ಚಿತ್ರವನ್ನೇ ತಮ್ಮ ಮೊಬೈಲ್ ಪರದೆಗೆ ಹಾಕಿಕೊಂಡರು. ತಮ್ಮನ್ನು ಕಾಡುತ್ತಿದ್ದ ಆತಂಕದ ಸಮಸ್ಯೆಯ ಬಗ್ಗೆ ಅವರು ಆ ಸೋಲಿನ ಬಳಿಕ ಬಹಿರಂಗವಾಗಿ ಬರೆದರು. ಅಂತಹ ಮಾತು ಆಡಬಹುದಾದ ವಾತಾವರಣ ತಂಡದಲ್ಲಿ ಇದ್ದದ್ದನ್ನು ನಾನು ಯಾವ ತಂತ್ರಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ.

2019ರಲ್ಲಿ ಮೊದಲ ಸುತ್ತಿನಲ್ಲೇ ಅದೇ ಪರೀಕ್ಷೆ ಮರಳಿ ಎದುರಾಯಿತು. ಮತ್ತೆ ಹದಿನಾರನೆಯ ಶ್ರೇಯಾಂಕದ ತಂಡ, ಈ ಬಾರಿ ಗಾರ್ಡ್ನರ್-ವೆಬ್. ಮೊದಲಾರ್ಧದಲ್ಲಿ ವರ್ಜೀನಿಯಾ ಒಂದು ಹಂತದಲ್ಲಿ 14 ಅಂಕ ಹಿಂದಿತ್ತು. ಹಿಂದೆ ಬಿದ್ದರೆ ಏಳಲಾರದು ಎನಿಸಿಕೊಂಡಿದ್ದ ತಂಡ 71-56ರಿಂದ ಗೆದ್ದಿತು. ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ಇನ್ನೇನು ಸಮಯ ಮುಗಿಯಿತೆನ್ನುವಾಗ ಜೆರೋಮ್ ತಪ್ಪಿಸಿದ ಫ್ರೀ ಥ್ರೋದ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ಅಡ್ಡಿಪಡಿಸದ ಎಸೆತದ) ಚೆಂಡು ಅಂಕಣದ ಇನ್ನೊಂದು ಬದಿಗೆ ಸಿಡಿಯಿತು. ಕ್ಲಾರ್ಕ್ ಅದನ್ನು ಅಟ್ಟಿ ಹಿಡಿದು, ತಾವೇ ಎಸೆಯುವ ಆಸೆಗೆ ಬೀಳದೆ, ದೂರದಲ್ಲಿದ್ದ ಜೊತೆ ಆಟಗಾರ ಮಮಾಡಿ ಡಿಯಾಕಿಟೆಗೆ ಪಾಸ್ ಕೊಟ್ಟರು. ಡಿಯಾಕಿಟೆ ಎಸೆದ ಚೆಂಡು ಬುಟ್ಟಿ ಸೇರಿ ಅಂಕ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಫಲಿತಾಂಶ 80-75. ಆಬರ್ನ್ ವಿರುದ್ಧದ ಸೆಮಿಫೈನಲ್‌ನಲ್ಲಿ 0.6 ಸೆಕೆಂಡು ಉಳಿದಿದ್ದಾಗ ಎರಡು ಅಂಕ ಹಿಂದಿದ್ದ ತಂಡಕ್ಕೆ ಗೈ ಮೂರು ಫ್ರೀ ಥ್ರೋಗಳನ್ನೂ ಬುಟ್ಟಿಗೆ ಹಾಕಿ 63-62ರ ಗೆಲುವು ತಂದರು. ಅದಕ್ಕೆ ಕೆಲವೇ ಕ್ಷಣ ಮೊದಲು ಜೆರೋಮ್ ಮಾಡಿದ ಡಬಲ್ ಡ್ರಿಬಲ್ (ಚೆಂಡು ಪುಟಿಸುವುದನ್ನು ನಿಲ್ಲಿಸಿ ಮತ್ತೆ ಪುಟಿಸುವ ತಪ್ಪು) ರೆಫರಿಗಳ ಕಣ್ಣಿಗೆ ಬೀಳಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅದೃಷ್ಟದ ಪಾಲನ್ನು ಮುಚ್ಚಿಟ್ಟು ಕತೆ ಹೇಳುವುದು ಸರಿಯಲ್ಲ. ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ಮೂರು ಅಂಕ ಮುಂದಿದ್ದಾಗ, ಹಿಂದಿನ ವರ್ಷ ಹೊರಗೆ ಕುಳಿತಿದ್ದ ಹಂಟರ್ ಮೂರು ಅಂಕದ ಎಸೆತದಿಂದ ಪಂದ್ಯ ಉಳಿಸಿದರು. ಒಟ್ಟು 27 ಅಂಕ ಗಳಿಸಿದರು. ಹೆಚ್ಚುವರಿ ಅವಧಿಯ ಬಳಿಕ 85-77. ಅದು ವಿಶ್ವವಿದ್ಯಾಲಯದ ಪುರುಷರ ತಂಡದ ಮೊದಲ ರಾಷ್ಟ್ರೀಯ ಪ್ರಶಸ್ತಿ.

ಅಲ್ಲಿಗೆ ಎಲ್ಲವೂ ಶಾಶ್ವತವಾಗಿ ಸರಿಹೋಯಿತೆಂದು ತಿಳಿಯಬೇಡಿ. 2023ರಲ್ಲಿ ಇದೇ ತಂಡ ಮೊದಲ ಸುತ್ತಿನಲ್ಲಿ ಫರ್ಮನ್ ಎದುರು 67-68ರಿಂದ ಸೋತಿತು. ಕೊನೆಯ ಗಳಿಗೆಯಲ್ಲಿ ಚೆಂಡನ್ನು ಎದುರಾಳಿಯ ಕೈಗೆ ಎಸೆದವರು ಪರ್ಡ್ಯೂ ಎದುರು ಅಷ್ಟು ಸಮಚಿತ್ತದಿಂದ ಪಾಸ್ ಕೊಟ್ಟಿದ್ದ ಅದೇ ಕ್ಲಾರ್ಕ್.

ತಮ್ಮ ಹುಡುಗರನ್ನು ಕೂರಿಸಿಕೊಂಡು ಎರಡು ಪಂದ್ಯಗಳ ದೃಶ್ಯಗಳನ್ನು ತೋರಿಸಿ: ಯುಎಂಬಿಸಿ ಎದುರಿನ ದ್ವಿತೀಯಾರ್ಧ, ಬಳಿಕ ಗಾರ್ಡ್ನರ್-ವೆಬ್ ಎದುರಿನ ಪೂರ್ತಿ ಪಂದ್ಯ. ಎರಡರಲ್ಲೂ ಬೆಂಚಿನ ಬಳಿ ನಿಂತ ಬೆನೆಟ್ ಅವರ ಮುಖವನ್ನು ಗಮನಿಸಲು ಹೇಳಿ. ಅನಂತರ ತಮ್ಮ ತಂಡದ ಆ ಸೋತ ಪಂದ್ಯದ ಮಾತನ್ನು ತಾವೇ ಮೊದಲು ಎತ್ತಿ.