ದೇವರು ತಿರುಗಿದ, ಬಾಗಿಲು?

ಓದುಗರ ಪತ್ರ: ‘ಮೊಮ್ಮಗನ ಜೊತೆ ಹುಬ್ಬಳ್ಳಿಯಲ್ಲಿ ಮಹಾವತಾರ ನರಸಿಂಹ ಅನ್ನುವ ಅನಿಮೇಷನ್ ಸಿನಿಮಾ ನೋಡಿದೆ. ಅವನು ಕುಣಿದಾಡಿದ. ನನ್ನ ಕಣ್ಣು ಮಾತ್ರ ತುಂಬಲಿಲ್ಲ. ರಾಜಕುಮಾರ್ ಕಾಲದಂಥ ಭಕ್ತಿ ಸಿನಿಮಾ ಈಗ ಯಾಕೆ ಬರುವುದಿಲ್ಲ?’ – ಹಾವೇರಿಯ ಓದುಗರೊಬ್ಬರು

ಸಂಪಾದಕರ ಉತ್ತರ:

ಹಿರಿಯರೇ, ಅದಕ್ಕೆ ಗ್ರಾಫಿಕ್ಸನ್ನು ಬೈಯಬೇಡಿ. ಹಳೆಯ ಸಿನಿಮಾಗಳಲ್ಲೂ ಹೊಗೆ, ತಂತಿ, ಕ್ಯಾಮೆರಾ ಚಮತ್ಕಾರ ಬೇಕಾದಷ್ಟಿತ್ತು. ಜನ ಅದನ್ನು ನೋಡೋಕೂ ಹೋಗುತ್ತಿದ್ದರು. ಅಳು ಬರುತ್ತಿದ್ದದ್ದು ಭಕ್ತನ ಕಷ್ಟಕ್ಕೆ. 1954ರ ‘ಬೇಡರ ಕಣ್ಣಪ್ಪ’ದ ‘ಶಿವಪ್ಪ ಕಾಯೋ ತಂದೆ’ ನೆನಪಿಸಿಕೊಳ್ಳಿ. ಅಲ್ಲಿ ಮೋಕ್ಷದ ಮಾತೇ ಮುಖ್ಯವಲ್ಲ. ಹಸಿವು ತಾಳಲಾರೆ, ಕಾಪಾಡು ಅನ್ನುತ್ತಾನೆ.

1983ರ ‘ಭಕ್ತ ಪ್ರಹ್ಲಾದ’ವನ್ನು ಮೊಮ್ಮಗನಿಗೆ ತೋರಿಸಿ. ಹಿರಣ್ಯಕಶಿಪು ರಾಜಕುಮಾರ್, ಪ್ರಹ್ಲಾದ ಅವರ ಮಗ ಪುನೀತ್. ಆ ಅಬ್ಬರದೊಳಗೆ ಮಗ ಕೈತಪ್ಪಿ ಹೋದ ಅಪ್ಪನ ಸಂಕಟವೂ ಇದೆ. ಮಗ ಮಾತು ಕೇಳದ ಯಾವ ಮನೆಯವರಿಗೂ ಅದು ತಟ್ಟುತ್ತದೆ. ಈ ನಟನೆ ಬಂದದ್ದು ಕಂಪನಿ ನಾಟಕದಿಂದ. ರಾಜಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ನಮ್ಮ ಗದಗಿನಲ್ಲಿ ಗರುಡ ಸದಾಶಿವರಾಯರ ಕಂಪನಿ ಇತ್ತು. ಕೊನೆಯ ಸಾಲಿನವನಿಗೂ ಮುಟ್ಟುವಂತೆ ಮಾತಾಡುವ ಆ ತಾಲೀಮು ಈಗ ಎಷ್ಟು ಜನಕ್ಕಿದೆ ಹೇಳಿ?

ಆದರೆ ಹಳೆಯದೆಲ್ಲ ಬಂಗಾರ ಅಂದರೆ ನಾನು ಒಪ್ಪುವುದಿಲ್ಲ. ನಿಮ್ಮ ಜಿಲ್ಲೆಯ ಕನಕದಾಸರನ್ನೇ ತಗೊಳ್ಳಿ. 1960ರ ‘ಭಕ್ತ ಕನಕದಾಸ’ದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ‘ಬಾಗಿಲನು ತೆರೆದು’ ಕೇಳಿದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಉಡುಪಿಯ ಕೃಷ್ಣ ತಿರುಗಿದ, ಗೋಡೆ ಬಿರಿಯಿತು, ನಾವೆಲ್ಲ ಕೈಮುಗಿದೆವು. ಆದರೆ ಬಾಗಿಲು ತೆರೆಯಿತಾ? ಅದನ್ನು ಹಾಕಿದವರನ್ನು ಯಾರಾದರೂ ಕೇಳಿದರಾ? ಪವಾಡ ಆದ ಕೂಡಲೇ ಜಗಳ ಮುಗಿದುಹೋಗುತ್ತದೆ. ಭಕ್ತಿ ಸಿನಿಮಾಗಳು ಜಾಸ್ತಿ ಸೋಲುವುದು ಇಲ್ಲೇ. ಕನಕ, ತುಕಾರಾಂ, ಗೋರಾ ಕುಂಬಾರ – ಊರು ಬೇರೆ, ಕಾಲ ಬೇರೆ. ತೆರೆ ಮೇಲೆ ಮಾತ್ರ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ದಾರಿ: ಬಡತನ, ಬೈಗುಳ, ಪವಾಡ, ಬೈದವರ ಪಶ್ಚಾತ್ತಾಪ.

ಕನಕದಾಸರೇ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ, ರಾಗಿ ಎರಡೂ ರಾಮನ ಎದುರೇ ಜಗಳಕ್ಕೆ ನಿಲ್ಲುತ್ತವೆ. ಯಾರು ಮೇಲು ಅಂತ ರಾಮ ಸುಮ್ನೆ ಹೇಳಿಬಿಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. (ಜೋಳದ ಸೀಮೆಯ ನಾವು ಸ್ವಲ್ಪ ಬೇಜಾರಾದರೂ ಪರವಾಗಿಲ್ಲ.) ಪುರಾಣದ ದೇವರನ್ನು ಇಟ್ಟುಕೊಂಡೇ ಮೇಲುಕೀಳಿನ ಮಾತನ್ನು ಹೀಗೆ ಎತ್ತಬಹುದು, ಅಲ್ವಾ?

ರಾಜಕುಮಾರ್ ಇಲ್ಲದ ಒಳ್ಳೆಯ ಭಕ್ತಿ ಸಿನಿಮಾವೂ ಇದೆ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಷರೀಫ’ ಬಂತು. ಷರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಸಿ. ಅಶ್ವತ್ಥ್. ನನಗೆ ಅದು ಹಿಡಿಸಿದ್ದು ಆ ಗುರು-ಶಿಷ್ಯರ ನಂಟಿಗೆ, ಹಾಡುಗಳಿಗೆ.

ಶಿಶುನಾಳ ಇರುವ ಶಿಗ್ಗಾವಿ ತಾಲ್ಲೂಕಿನಲ್ಲೇ ಕನಕದಾಸರ ಬಾಡವೂ ಇದೆ. ಕತ್ತಿ ಹಿಡಿದ ನಾಯಕ ದಾಸನಾದ ಕಥೆಯನ್ನು ಯಾರಾದರೂ ಬಾಡದಿಂದಲೇ ಶುರು ಮಾಡಿ ಹೇಳಿದರೆ ನಾನು ಮೊದಲ ಆಟಕ್ಕೇ ಹೋಗುತ್ತೇನೆ. ಉಡುಪಿ ದೃಶ್ಯ ಇಲ್ಲದೆ ನಿರ್ಮಾಪಕ ದುಡ್ಡು ಹಾಕುವುದಿಲ್ಲ, ಗೊತ್ತು. ಇಂಟರ್‌ವಲ್‌ಗೆ ಮುಂಚೆ ಇಡಲಿ. ಆಮೇಲಿನ ಅರ್ಧದಲ್ಲಿ ಕನಕ ಆ ಬಾಗಿಲು ಹಾಕಿದವರ ಜೊತೆ ಮಾತಾಡಲಿ.

– ಸಂಪಾದಕ